ಉಸಿರು ತಾಗುವಷ್ಟು ಹತ್ತಿರ

ನನಗೆ ಕ್ಷಯ ಬಂದಿತ್ತು. ಮಾತ್ರೆ ನುಂಗಿದೆ, ವಾಸಿಯಾಯಿತು. ಈ ಕಾಯಿಲೆಯ ಬಗ್ಗೆ ಡಾಕ್ಟರುಗಳು ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ. ಮಾತ್ರೆ ತಪ್ಪಿಸಬೇಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಮೊಟ್ಟೆ ತಿನ್ನಿ, ಕಿಟಕಿ ತೆಗೆದಿಡಿ. ಅವರು ಹೇಳದೆ ಬಿಡುವುದು ಒಂದಿದೆ. ನಮಗೆ ಯಾರಿಂದ ಬಂತು ಎಂದು ಮನೆಯವರೆಲ್ಲ ಯೋಚಿಸುತ್ತ ಕೂತಿರುವಾಗ, ನಮ್ಮಿಂದ ಯಾರಿಗೆ ಹೋಗಿರಬಹುದು ಎಂಬ ಪ್ರಶ್ನೆ ರೋಗಿಯನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಅದಕ್ಕೆ ಮಾತ್ರೆ ಇಲ್ಲ. ಹಾಗೆ ಒದ್ದಾಡುತ್ತಿರುವವರು ಯಾರಾದರೂ ಇದನ್ನು ಓದಿದರೆ, ಇನ್ನೊಬ್ಬಳು ಹೀಗೇ ಒದ್ದಾಡಿದ್ದಳು ಎಂದು ಅವರಿಗೆ ಗೊತ್ತಾಗಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ ಬೇಲೂರಿನ ನಮ್ಮ ಮನೆಗೆ ವಾಪಸು ಬಂದವಳು ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಳೇಬೀಡಿಗೆ ಹೋಗುತ್ತಿದ್ದೆ, ಕರಾಟೆ ಕಲಿಯಲು. ಮಾಸ್ಟರು ಅರಸೀಕೆರೆಯವರು, ರೈಲ್ವೆಯಲ್ಲಿ ಕೆಲಸ. ರಜೆಯ ದಿನ ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು ಬಂದು, ಒಂದು ತಗಡಿನ ಶೆಡ್ಡಿನಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದರು. ಕಲಿಯುವವರೆಲ್ಲ ಹೈಸ್ಕೂಲು ಹುಡುಗರು. ದೊಡ್ಡ ಹೆಂಗಸರೆಂದರೆ ನಾವಿಬ್ಬರೇ, ನಾನು ಮತ್ತು ರುಕ್ಮಿಣಿ. ಹಾಗಾಗಿ ಜೋಡಿ ನಿಲ್ಲಿ ಎಂದಾಗಲೆಲ್ಲ ನನ್ನ ಎದುರಿಗೆ ಅವಳು, ಅವಳ ಎದುರಿಗೆ ನಾನು.

ರುಕ್ಮಿಣಿ ಪಕ್ಕದ ಹುಲಿಕೆರೆಯವಳು. ರಾಗಿ, ತೆಂಗು ಬೆಳೆಯುವ ಮನೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಹಟ ಹಿಡಿದು ಕೂತಿದ್ದಳು. ಬೇರೆ ಊರಿನವರು ಬಂದು ಫೋಟೊ ತೆಗೆದುಕೊಂಡು ಹೋಗುವ ಅವರೂರಿನ ಕೊಳದ ಮೆಟ್ಟಿಲುಗಳನ್ನು ಅವಳು ಬೆಳಗ್ಗೆ ಎದ್ದು ಹತ್ತಿಳಿಯುತ್ತಿದ್ದದ್ದು ಓಟದ ಪರೀಕ್ಷೆಗೆ ಕಾಲು ಗಟ್ಟಿಯಾಗಲಿ ಎಂದು. "ದೇವರ ಕೊಳದಾಗೆ ಕುಣೀತಾಳೆ ಅಂತ ಊರವ್ರು ಬಯ್ತಾರೆ ಕಣೇ. ನಾಳೆ ಲಾಠಿ ಹಿಡ್ಕೊಂಡು ನಿಂತಾಗ ಎಲ್ಲಾ ಅಕ್ಕಾ ಅಂತಾರೆ, ನೋಡ್ತಿರು," ಎನ್ನುತ್ತಿದ್ದಳು.

ಕರಾಟೆಯಲ್ಲಿ ಹೊಡೆಯುವಾಗ ಕೂಗಬೇಕು. ಹೊಟ್ಟೆಯಿಂದ ಉಸಿರೆಲ್ಲ ಒಮ್ಮೆಲೇ ಹೊರಗೆ ಬರಬೇಕು. ನಮ್ಮ ಜೋಡಿ ಅಭ್ಯಾಸದಲ್ಲಿ ಇಬ್ಬರೂ ಒಬ್ಬರ ಕಾಲರ್ ಒಬ್ಬರು ಹಿಡಿದು, ಮೊಣಕೈ ಮಡಿಸಿದಷ್ಟು ಹತ್ತಿರ ನಿಂತು, ಮುಖಕ್ಕೆ ಮುಖ ಕೊಟ್ಟು ಕೂಗುತ್ತಿದ್ದೆವು. ತಿಂಗಳುಗಟ್ಟಲೆ, ಪ್ರತಿ ಭಾನುವಾರ. ಇವತ್ತಿಗೂ ಕಣ್ಣು ಮುಚ್ಚಿದರೆ ಅವಳ ಬೆವರಿದ ಮೂಗಿನ ತುದಿ ಕಾಣುತ್ತದೆ. ಅಷ್ಟು ಹತ್ತಿರ.

ಆ ವರ್ಷ ಹಾಸನದಲ್ಲಿ ಒಂದು ಪಂದ್ಯ ನಡೆಯುವುದಿತ್ತು. ತೂಕದ ಪ್ರಕಾರ ಗುಂಪು. ನಾನು ಒಂದು ಗುಂಪು ಕೆಳಗಿಳಿದರೆ ಗೆಲ್ಲುವುದು ಖಂಡಿತ ಎಂದು ಮಾಸ್ಟರು ಹೇಳಿದ್ದರು. ನಾನು ಏನೂ ಮಾಡದೆಯೇ ಇಳಿಯತೊಡಗಿದೆ. ಡ್ರೆಸ್ಸಿನ ಬೆಲ್ಟು ಕಟ್ಟಿದ ಮೇಲೆ ಉಳಿಯುವ ತುದಿ ಉದ್ದವಾಯಿತು. ಮಾಸ್ಟರು ಎಲ್ಲರೆದುರು ನನ್ನ ಭುಜ ತಟ್ಟಿ, "ನೋಡ್ರೋ, ಶಿಸ್ತು ಅಂದ್ರೆ ಇದು," ಎಂದರು. ನನಗೆ ಹೆಮ್ಮೆಯಾಯಿತು. ಸಂಜೆ ಮೈ ಬಿಸಿಯಾಗುತ್ತಿದ್ದದ್ದು ಅಭ್ಯಾಸದ ನೋವಿನಿಂದ, ಬೆಳಗಿನ ಜಾವ ರವಿಕೆ ಒದ್ದೆಯಾಗುತ್ತಿದ್ದದ್ದು ಸೆಕೆಯಿಂದ, ಕೆಮ್ಮು ಕೂಗಿ ಕೂಗಿ ಗಂಟಲು ಕೆಟ್ಟದ್ದರಿಂದ. ಪ್ರತಿಯೊಂದಕ್ಕೂ ನಮ್ಮ ಶೆಡ್ಡಿನಲ್ಲೇ ಒಂದು ಕಾರಣ ಸಿಗುತ್ತಿತ್ತು. ಕ್ಲಿನಿಕ್ಕೊಂದರಲ್ಲಿ ಕೊಟ್ಟ ಕೆಮ್ಮಿನ ಸಿರಪ್ ಕುಡಿಯುತ್ತಿದ್ದೆ.

"ಏನ್ ತಿಂತೀಯೇ ನೀನು, ಗಾಳಿನಾ?" ಎಂದು ರುಕ್ಮಿಣಿ ನನ್ನ ತೋಳು ಹಿಸುಕಿ ನೋಡುತ್ತಿದ್ದಳು. "ನಂಗೂ ಹೇಳ್ಕೊಡು. ನಮ್ಮವ್ವ ಮುದ್ದೆ ಮೇಲೆ ಮುದ್ದೆ ಹಾಕಿ ಮೆಟ್ಲು ಹತ್ತಕ್ಕಾಗ್ದಂಗೆ ಮಾಡವ್ಳೆ."

ಒಂದು ಭಾನುವಾರ ಜೋಡಿ ಅಭ್ಯಾಸ ನಡೆಯುತ್ತಿತ್ತು. ಅವಳ ಮುಷ್ಟಿ ನನ್ನ ದವಡೆಗೆ ಲಘುವಾಗಿ ತಾಗಿತು, ಅದೇ ಹೊತ್ತಿಗೆ ನನಗೆ ಕೆಮ್ಮು ಬಂತು. ಬಾಯಿಗೆ ಹಿಡಿದ ಬಿಳಿ ತೋಳಿನ ಮೇಲೆ ರಕ್ತ.

"ಅಯ್ಯಯ್ಯೋ! ತಪ್ಪಾಯ್ತು ಕಣೇ, ತಪ್ಪಾಯ್ತು," ಎಂದು ರುಕ್ಮಿಣಿ ನನ್ನ ಗಲ್ಲ ಹಿಡಿದು, ಬಾಯಿ ಅಗಲಿಸಿ, ಒಳಗೆ ಇಣುಕಿ ನೋಡಿದಳು. "ಎಲ್ಲಿ ಕುಯ್ತೋ ಕಾಣಕಿಲ್ಲ. ಹಲ್ಲಿಗೆ ಒತ್ತಿರಬೇಕು." ತನ್ನ ಟವೆಲ್ಲಿನಿಂದ ನನ್ನ ಬಾಯಿ ಒರೆಸಿದಳು. ಆಮೇಲೆ ಅದೇ ಟವೆಲ್ಲಿನಿಂದ ತನ್ನ ಮುಖದ ಬೆವರು ಒರೆಸಿಕೊಂಡಳು.

ಮಾಸ್ಟರು ಬಂದರು. "ಏನಮ್ಮ ರುಕ್ಮಿಣಿ, ಎದುರಿಗಿರೋದು ನಿನ್ನ ಜೋಡಿನೋ ಶತ್ರುನೋ? ಕೈ ಹತೋಟೀಲಿ ಇಲ್ಲದವಳು ಪೊಲೀಸ್ ಆಗ್ತೀಯಾ? ಹೋಗು, ದಂಡ ಹೊಡಿ." ಅವಳು ಎಲ್ಲ ಹುಡುಗರೆದುರು, ಸಿಮೆಂಟು ನೆಲದ ಮೇಲೆ, ತೋಳು ನಡುಗುವವರೆಗೂ ದಂಡ ಹೊಡೆದಳು. ನಾನು ನೀರು ಕುಡಿಯುತ್ತ ನೋಡುತ್ತಿದ್ದೆ. ಬಾಯೊಳಗೆ ಗಾಯಕ್ಕಾಗಿ ನಾಲಿಗೆಯಿಂದ ತಡಕುತ್ತಿದ್ದೆ. ಸಿಗಲಿಲ್ಲ. ಗಂಟಲ ಹತ್ತಿರ ಎಲ್ಲೋ ಇರಬೇಕು ಅಂದುಕೊಂಡೆ.

ಅದೇ ವಾರ, ಶಾಲೆಯಲ್ಲಿ, ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುತ್ತಿದ್ದಾಗ ಮತ್ತೆ ಕೆಮ್ಮು ಬಂತು. ಕರ್ಚೀಫಿನಲ್ಲಿ ಮತ್ತೆ ರಕ್ತ, ಈ ಸಲ ಜಾಸ್ತಿ. ಅಲ್ಲಿ ನನಗೆ ಹೊಡೆಯುವವರು ಯಾರೂ ಇರಲಿಲ್ಲ. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತಲ್ಲೇ ನನಗೆ ಅರ್ಥವಾದ ಮೊದಲ ಸಂಗತಿ, ರುಕ್ಮಿಣಿ ದಂಡ ಹೊಡೆಯಬೇಕಾಗಿರಲಿಲ್ಲ ಎಂಬುದು.

ಆಸ್ಪತ್ರೆಗೆ ಅಪ್ಪ ಜೊತೆಗೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಆವತ್ತು ಬೆಂಚಿನ ತುದಿಯಲ್ಲಿ ಕೂತು ಚಪ್ಪಲಿಯನ್ನೇ ನೋಡುತ್ತಿದ್ದರು. ನಮ್ಮ ಪಕ್ಕದಲ್ಲಿ ಕೂತಿದ್ದ ಮುದುಕ ಕೆಮ್ಮಿದಾಗಲೆಲ್ಲ ಜನ ಸ್ವಲ್ಪ ಸ್ವಲ್ಪ ಸರಿದು ಕೂರುತ್ತಿದ್ದರು. ನಾನೂ ಸರಿದೆ. ಆಮೇಲೆ ನಾನು ಕೆಮ್ಮಿದೆ. ಮುದುಕ ನನ್ನ ಕಡೆ ತಿರುಗಿ, "ನಿಂಗೂವಾ ಮಗಾ?" ಎಂದು ಕೇಳಿ, ಬಾಳೆಹಣ್ಣೊಂದನ್ನು ಚೀಲದಿಂದ ತೆಗೆದುಕೊಟ್ಟ. ತಿನ್ನಲು ಹೆದರಿಕೆಯಾಯಿತು. ಕೈಯಲ್ಲಿ ಹಿಡಿದೇ ಕೂತಿದ್ದೆ.

ಎಕ್ಸ್‌ರೇ, ಕಫದ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿದರು. ಕಾಯಿಲೆಯ ಹೆಸರು ಹೇಳಿದರು, ವಾಸಿಯಾಗುತ್ತದೆ ಎಂದರು, ಮನೆಯಲ್ಲಿ ಯಾರ್ಯಾರು ಎಂದು ಕೇಳಿದರು.

"ಅಪ್ಪ, ಅಮ್ಮ."

"ಇವರನ್ನು ಬಿಟ್ಟು ತುಂಬಾ ಹತ್ತಿರ ಇರೋರು ಯಾರಾದ್ರೂ ಇದ್ದಾರಾ?"

"ರುಕ್ಮಿಣಿ."

"ಯಾರು? ಒಂದೇ ರೂಮಲ್ಲಿ ಇರ್ತೀರಾ?"

"ಇಲ್ಲ, ಕರಾಟೆ ಕ್ಲಾಸಲ್ಲಿ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. "ಹತ್ತಿರ ಅಂದ್ರೆ ಎಷ್ಟು ಹತ್ತಿರ?" ನಾನು ಎದ್ದು ನಿಂತು, ಗಾಳಿಯಲ್ಲಿ ಒಂದು ಕಾಲರ್ ಹಿಡಿದು ತೋರಿಸಿದೆ. "ಇಷ್ಟು. ಇಷ್ಟು ಹತ್ತಿರ ನಿಂತು ಕೂಗ್ತೀವಿ." ಅವರು ಪೆನ್ನು ಕೆಳಗಿಟ್ಟು, "ಆ ಹುಡುಗೀನೂ ಕರ್ಕೊಂಡು ಬನ್ನಿ," ಎಂದರು.

ಹುಲಿಕೆರೆಗೆ ಅಪ್ಪ ಹೋದರು. ನಾನೇ ಹೋಗುತ್ತೇನೆ ಎಂದರೆ ಬಿಡಲಿಲ್ಲ. ಸಂಜೆ ವಾಪಸು ಬಂದು ಕೈಕಾಲು ತೊಳೆದು ಕೂತರು.

"ಏನಂದ್ರು ಅಪ್ಪ?"

"ಅವರಮ್ಮ ಎದ್ದು ಒಳಗೆ ಹೋದ್ರು."

"ರುಕ್ಮಿಣಿ?"

"ಹಂಗಾದ್ರೆ ಅವತ್ತು ರಕ್ತ ಬಂದಿದ್ದು ನನ್ನೇಟಿಗಲ್ವಾ ಸಾರ್, ಅಂತ ಕೇಳಿದ್ಲು. ಅಲ್ಲಮ್ಮ ಅಂದೆ. ಸದ್ಯ, ಅಂದ್ಲು." ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಹಳ ಹೊತ್ತು ಟವೆಲ್ಲು ಕೆಳಗಿಳಿಸಲಿಲ್ಲ.

ಆ ಸಲ ರುಕ್ಮಿಣಿಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇ ಚೆನ್ನಾಗಿದೆ, ಆದರೂ ಸ್ವಲ್ಪ ಕಾಲ ಗಮನವಿಟ್ಟಿರಿ ಎಂದರಂತೆ.

ಮನೆಯಲ್ಲಿ ಅಮ್ಮ ನನ್ನ ತಟ್ಟೆ ಲೋಟವನ್ನು ಬೇರೆಯಾಗಿ ಕಿಟಕಿಯ ಮೇಲೆ ಇಟ್ಟಳು. ಅಪ್ಪ ನೋಡಿದರು. "ಈ ಲೋಟ ಯಾಕಿಲ್ಲಿ?"

"ಡಾಕ್ಟ್ರು..."

"ಡಾಕ್ಟ್ರು ಹೇಳಲಿಲ್ಲ. ನಾನಿದ್ದೆ ಅಲ್ಲಿ." ಅಪ್ಪನ ದನಿ ಏರಲಿಲ್ಲ. "ಬೇರೆ ಲೋಟದಲ್ಲಿ ನಾನು ಕುಡಿದಿದ್ದೀನಿ, ಹೋಟ್ಲಿನ ಹೊರಗೆ ನಿಂತ್ಕೊಂಡು. ತೊಳೆದು ಬೋರಲು ಹಾಕಿ ಬರಬೇಕಿತ್ತು. ಈ ಮನೇಲಿ ಅದು ಬೇಡ." ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ ಅಮ್ಮ ಅಳುತ್ತ ನಿಂತಳು. ಅವಳಿಗಿದ್ದ ಹೆದರಿಕೆ ಅಪ್ಪನಿಗೆ ಎಲ್ಲಿ ಅಂಟುತ್ತದೋ ಎಂಬುದು. ಲೋಟ ಸಾಲಿಗೆ ಸೇರಿತು. ಆದರೆ ಅದರ ಅಂಚಿನ ಸಣ್ಣ ತಗ್ಗನ್ನು ನಾನು ಗುರುತಿಟ್ಟುಕೊಂಡೆ. ಅದೊಂದನ್ನೇ ಬಳಸುತ್ತಿದ್ದೆ, ಬಿಸಿನೀರಲ್ಲಿ ನಾನೇ ತೊಳೆಯುತ್ತಿದ್ದೆ. ಅಪ್ಪ ನನ್ನಿಂದ ದೂರವಿಟ್ಟದ್ದನ್ನು ನಾನೇ ಮತ್ತೆ ಒಳಗೆ ತಂದುಕೊಂಡಿದ್ದೆ.

ಬೀದಿಗೆ ಅಮ್ಮ ಹೇಳಿದ್ದು ನನಗೆ ಕಾಮಾಲೆ ಎಂದು. ಮಾತ್ರೆಗೆ ಮೂತ್ರ, ಬೆವರು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರಿಂದ ಸುಳ್ಳು ಸರಿಯಾಗಿ ಕೂತಿತು. ಪಕ್ಕದ ಮನೆಯ ಗಿರಿಜಮ್ಮ ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ತಂದು, ನಾನು ಕುಡಿಯುವವರೆಗೂ ನಿಂತಿರುತ್ತಿದ್ದರು. ಇಲ್ಲದ ಕಾಯಿಲೆಗೆ ಅಷ್ಟು ಕಹಿ ಕುಡಿದವಳು ನಾನೊಬ್ಬಳೇ ಇರಬೇಕು. ಸತ್ಯ ಗೊತ್ತಾದರೆ ಆಕೆ ಆ ಬಾಗಿಲಿಗೆ ಬರುತ್ತಿದ್ದರೋ ಇಲ್ಲವೋ ಎಂದು ಯೋಚಿಸುತ್ತ ಕುಡಿಯುತ್ತಿದ್ದೆ.

ಸ್ವಲ್ಪ ಕಾಲದ ಮೇಲೆ, ಇನ್ನು ನಿನ್ನಿಂದ ಯಾರಿಗೂ ಹರಡುವುದಿಲ್ಲ, ಶಕ್ತಿ ಇದ್ದಷ್ಟು ವ್ಯಾಯಾಮ ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದರು. ಮಾಸ್ಟರು ಮನೆಗೇ ಬಂದರು, ಹಣ್ಣು ಹಿಡಿದುಕೊಂಡು. ಬಾಗಿಲಲ್ಲೇ ನಿಂತು, "ನಂಗೇನಿಲ್ಲಮ್ಮ, ನೀನು ಬಾ ಅಂತೀನಿ. ಹುಡುಗರ ಅಪ್ಪ ಅಮ್ಮಂದಿರು ಒಪ್ಪಲ್ಲ. ಮನೇಲೇ ಮಾಡ್ತಿರು. ಎದುರಿಗೆ ಒಬ್ರಿದ್ದಾರೆ ಅಂದ್ಕೊಂಡು ಮಾಡು. ಒಬ್ಬರೇ ಮಾಡೋದೂ ಒಂದು ಅಭ್ಯಾಸವೇ," ಎಂದರು.

ಹಾಗೆ ತಾರಸಿಯ ಮೇಲೆ ಶುರುವಾಯಿತು. ಒಂದು ಕಡೆ ಬಟ್ಟೆ ಒಣಹಾಕುವ ತಂತಿ, ಒಂದು ಕಡೆ ನೀರಿನ ತೊಟ್ಟಿ, ನಡುವೆ ನಾನು. ಮೊದಲ ದಿನ ನಾಲ್ಕು ಹೆಜ್ಜೆಗೆ ಏದುಸಿರು ಬಂದು ಕೂತುಬಿಟ್ಟೆ. ನಿಧಾನವಾಗಿ ಕಾಲು ಬಂತು, ತೋಳು ಬಂತು. ಬಿಳಿ ಡ್ರೆಸ್ಸಿನ ಕಾಲರಿನಲ್ಲಿ ಬೆವರಿನ ಕಿತ್ತಳೆ ಗೆರೆ ನಿಂತಿತು. ಅಮ್ಮ ಎಷ್ಟು ನೀಲಿ ಹಾಕಿದರೂ ಹೋಗಲಿಲ್ಲ.

ಪಕ್ಕದ ತಾರಸಿಯಿಂದ ಗಿರಿಜಮ್ಮ ಹಪ್ಪಳ ತಿರುವಿ ಹಾಕುತ್ತ ಕೇಳಿದರು. "ಯಾರಿಗಮ್ಮ ಹೊಡೀತಿದ್ದೀಯಾ?"

"ಯಾರಿಗೂ ಇಲ್ಲ ಆಂಟಿ."

"ಸದ್ಯ. ಕಾಮಾಲೆ ತಲೆಗೇರ್ತೋ ಏನೋ ಅಂತ ಗಾಬರಿಯಾಯ್ತು."

ಯಾರಿಗೂ ಇಲ್ಲ ಎಂದದ್ದು ಸುಳ್ಳು. ಒಬ್ಬರೇ ಅಭ್ಯಾಸ ಮಾಡುವವರಿಗೆ ಎದುರಿಗೆ ಒಂದು ಮೈ ಬೇಕು. ಎತ್ತರ ಬೇಕು, ಗಲ್ಲ ಎಲ್ಲಿ, ಪಕ್ಕೆ ಎಲ್ಲಿ ಎಂದು ಗೊತ್ತಿರಬೇಕು. ನಾನು ಬಲ್ಲ ಮೈ ಒಂದೇ. ತಾರಸಿಯ ಮೇಲೆ ದಿನವೂ ರುಕ್ಮಿಣಿ ಬಂದು ನಿಲ್ಲುತ್ತಿದ್ದಳು. ನಾನು ಹೆಜ್ಜೆ ಮುಂದಿಟ್ಟು ಕೂಗಬೇಕು ಎನ್ನುವಷ್ಟರಲ್ಲಿ ಅವಳು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನನ್ನ ಕೂಗು ಗಂಟಲಲ್ಲೇ ನಿಲ್ಲುತ್ತಿತ್ತು. ಆಗ ಮತ್ತೆ ಹಿಂದಿನಿಂದ ಲೆಕ್ಕ ಹಾಕಲು ಶುರು ಮಾಡುತ್ತಿದ್ದೆ. ಈ ಕಾಯಿಲೆ ನನ್ನಲ್ಲಿ ಯಾವ ಭಾನುವಾರದಿಂದ ಇದ್ದಿರಬಹುದು? ಪಂದ್ಯದ ಮಾತು ಬಂದಾಗಲೇ ಇತ್ತೇ? ಮಳೆ ಬಂದು ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡಿದ ದಿನ ಇತ್ತೇ? ಹೀಗೆ ಕೇಳಿಕೊಳ್ಳುತ್ತ ಎಷ್ಟೋ ಸಲ ತೊಟ್ಟಿಯ ನೆರಳಿನಲ್ಲಿ ಸುಮ್ಮನೆ ಕೂತುಬಿಡುತ್ತಿದ್ದೆ.

ಸುದ್ದಿ ತಂದವರೂ ಮಾಸ್ಟರೇ. ಪೊಲೀಸ್ ಆಯ್ಕೆಯಲ್ಲಿ ರುಕ್ಮಿಣಿ ಓಟದಲ್ಲಿ ಗೆದ್ದಿದ್ದಳು, ಉದ್ದ ಜಿಗಿತದಲ್ಲಿ ಗೆದ್ದಿದ್ದಳು. ವೈದ್ಯಕೀಯ ಪರೀಕ್ಷೆಯಲ್ಲಿ ಕತ್ತಿನ ಪಕ್ಕ ಹುಣಸೆ ಬೀಜದಷ್ಟು ಗಂಟೊಂದು ಡಾಕ್ಟರ ಬೆರಳಿಗೆ ಸಿಕ್ಕಿತು. ಸೂಜಿ ಚುಚ್ಚಿ ನೋಡಿದರು. ಅದೇ ಕ್ಷಯ, ಗಂಟಿನ ರೂಪದಲ್ಲಿ. ಆ ಸಲದ ಆಯ್ಕೆ ಅವಳಿಗೆ ಅಲ್ಲಿಗೆ ನಿಂತಿತು.

ಮುಂದಿನ ಸಲ ಮಾತ್ರೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. "ಅದು ನನ್ನಿಂದಲೇ ಅಲ್ವಾ ಡಾಕ್ಟ್ರೇ?"

"ಇರಬಹುದು. ಬಸ್ಸಲ್ಲೂ ಬರುತ್ತೆ, ಸಂತೇಲೂ ಬರುತ್ತೆ, ಗೊತ್ತಾಗೋ ದಾರಿ ಇಲ್ಲಮ್ಮ. ನೀನು ಬೇಕೂಂತ ಕೊಟ್ಟೆಯಾ?"

ಇಲ್ಲ ಎಂದುಬಿಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಇರಬಹುದು ಎಂಬುದನ್ನು ಎಲ್ಲಿಡಬೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಮತ್ತೆ ಪೊಲೀಸ್ ನೇಮಕಾತಿಗೆ ಕರೆದ ಹೊತ್ತಿಗೆ ರುಕ್ಮಿಣಿಯ ವಯಸ್ಸು ಮೀರಿತ್ತು. ಈಗ ಅವಳು ಜಾವಗಲ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಚೆನ್ನಾಗಿದ್ದಾಳೆ. ಅಂಗಡಿಯ ಮುಂದೆ ಖಾಕಿ ಬಟ್ಟೆ ಹಾಯ್ದು ಹೋದಾಗ ಅವಳು ತಲೆಯೆತ್ತಿ ನೋಡುತ್ತಾಳೋ ಇಲ್ಲವೋ ಎಂದು ನಾನು ಯಾವತ್ತೂ ಕೇಳಿಲ್ಲ.

ಅದೆಲ್ಲ ಆಮೇಲಿನ ಮಾತು. ಅವಳ ಮಾತ್ರೆ ಮುಗಿದ ಮೇಲೆ, ಒಂದು ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದಳು. ನನ್ನ ಮಾತ್ರೆ ಮುಗಿದು ಬಹಳ ಕಾಲವಾಗಿತ್ತು. ಇನ್ನು ಕ್ಲಾಸಿಗೆ ಬಾ ಎಂದು ಆಮೇಲೆ ಮಾಸ್ಟರೇ ಕರೆದರೂ ನಾನೇ ಹೋಗಿರಲಿಲ್ಲ. ತಾರಸಿಯ ಮೇಲೆ ಒಬ್ಬಳೇ ಮಾಡುವುದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ.

ಅಮ್ಮ ಗಾಬರಿಯಾಗಿ ಕಾಫಿ ಕೊಟ್ಟಳು. ರುಕ್ಮಿಣಿ ನಿಂತುಕೊಂಡೇ ಕುಡಿದಳು. ಕತ್ತಿನ ಬಲಗಡೆ ಸಣ್ಣ ಗಾಯದ ಗುರುತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಅಲ್ಲೇನ್ ನೋಡ್ತೀಯಾ? ಹೋಗೈತೆ ಅದು," ಎಂದಳು. "ಶೆಡ್ಡಿಗೆ ಹೋಗಿದ್ದೆ. ಆ ಹುಡುಗ್ರು ನನ್ನೆದುರಿಗೆ ನಿಲ್ಲಲ್ಲ ಕಣೇ. ಗಂಟು ಅಂಟಲ್ಲ ಕಣ್ರೋ ಅಂದ್ರೂ ಮೂರು ಮಾರು ದೂರ ನಿಂತ್ಕಂಡು ಗಾಳಿಗೆ ಗುದ್ದುತಾರೆ. ನಿನ್ನೆದುರಿಗೂ ಯಾರೂ ಇಲ್ಲ ಅಂದ್ರು ಮಾಸ್ಟ್ರು. ಅದಕ್ಕೆ ಬಂದೆ."

"ರುಕ್ಮಿಣಿ, ನನ್ನಿಂದ ನಿಂಗೆ..."

"ಸುಮ್ಕಿರು." ಲೋಟ ಕೆಳಗಿಟ್ಟಳು. "ನಿನ್ನಿಂದ್ಲೇ ಬಂದಿರಬೋದು. ನಮ್ಮವ್ವ ಹಂಗೇ ಅಂತಾಳೆ. ಇಲ್ಲ ಕಣೇ, ನಿಂದೇನೂ ಇಲ್ಲ ಅಂತ ಸಮಾಧಾನ ಹೇಳಕ್ಕೆ ನಾನೇನ್ ಬಂದಿಲ್ಲ. ಕೋಪ ಐತೆ ನಂಗೆ. ಬಸ್ಸಲ್ಲಿ ಬತ್ತಾ ಬತ್ತಾ ಇನ್ನೂ ಜಾಸ್ತಿ ಆಯ್ತು. ಮ್ಯಾಲಕ್ಕೆ ನಡಿ."

ತಾರಸಿಗೆ ಹೋದೆವು. ಎದುರುಬದುರು ನಿಂತು ತಲೆ ಬಾಗಿದೆವು. ನಾನು ಹೆಜ್ಜೆ ಮುಂದಿಟ್ಟು ಮುಷ್ಟಿ ಬೀಸಿದೆ, ಕೂಗಿದೆ. ಅದೇ ಕ್ಷಣ ನನ್ನ ಕೆನ್ನೆಗೆ ಅವಳ ಅಂಗೈ ಬಿತ್ತು.

"ಯಾಕೆ ಮುಖ ತಿರುಗಿಸ್ತೀಯಾ?"

"ತಿರುಗಿಸಲಿಲ್ಲವಲ್ಲ."

"ಇನ್ನೊಂದು ಹೊಡಿ."

ಹೊಡೆದೆ. ಮತ್ತೆ ಅದೇ ಕೆನ್ನೆಗೆ ಅಂಗೈ. "ನೋಡು, ಕೂಗೋ ಹೊತ್ಗೆ ಆ ಕಡೆ ತಿರುಗ್ತೀಯಾ. ಹೊಡೆಯೋನು ಆ ನೀರಿನ ತೊಟ್ಟಿ ಹಿಂದಿಂದ ಬತ್ತಾನಾ?"

ಆಗ ಗೊತ್ತಾಯಿತು. ಇಷ್ಟು ತಿಂಗಳು ತಾರಸಿಯ ಮೇಲೆ ಒಬ್ಬಳೇ ಅಭ್ಯಾಸ ಮಾಡುತ್ತ, ಉಸಿರು ಬಿಡುವಾಗಲೆಲ್ಲ ಎದುರಿಗಿದ್ದ ಆ ಇಲ್ಲದ ರುಕ್ಮಿಣಿಯಿಂದ ನಾನು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದೆ. ನನಗೇ ತಿಳಿಯದೆ. ಹೇಳುವವರು ಯಾರೂ ಇರಲಿಲ್ಲ. ಸಾವಿರ ಸಲ ಮಾಡಿದ ತಪ್ಪು ಈಗ ನನ್ನ ಕತ್ತಿನಲ್ಲೇ ಕೂತಿತ್ತು.

"ಒಬ್ಳೇ ಮಾಡಿ ಮಾಡಿ ಕೆಟ್ಟೋಗಿದ್ದೀಯಾ," ಎಂದಳು ರುಕ್ಮಿಣಿ. ಹತ್ತಿರ ಬಂದು, ಎಡಗೈಯಲ್ಲಿ ನನ್ನ ಕಾಲರ್ ಹಿಡಿದು, ಬಲಗೈಯಲ್ಲಿ ನನ್ನ ಗಲ್ಲ ಹಿಡಿದು ಮುಖ ನೇರ ಮಾಡಿದಳು. "ನನ್ನ ನೋಡ್ಕಂಡು ಕೂಗು."

ಆಗಲಿಲ್ಲ. ಬಾಯಿ ತೆರೆದೆ, ಕಣ್ಣಲ್ಲಿ ನೀರು ಬಂತು, ಉಸಿರು ಬರಲಿಲ್ಲ.

"ಅಳಕ್ಕಲ್ಲ ಹೇಳಿದ್ದು. ಕೂಗು."

ಕೂಗಿದೆ. ಹೊಟ್ಟೆಯಲ್ಲಿದ್ದ ಉಸಿರೆಲ್ಲ ಅವಳ ಮುಖಕ್ಕೆ ತಾಗಿತು. ಹಣೆಯ ಮೇಲಿದ್ದ ಅವಳ ಕೂದಲು ಅಲುಗಿತು. ಆಗ ನೋಡಿದೆ. ಅವಳ ತುಟಿ ಬಿಗಿದು ಬೆಳ್ಳಗಾಗಿತ್ತು. ಮೂಗಿನ ಹೊಳ್ಳೆಗಳು ಅಲುಗುತ್ತಿರಲಿಲ್ಲ. ಅವಳು ಉಸಿರು ಕಟ್ಟಿ ನಿಂತಿದ್ದಳು. ಅವಳಿಗೂ ನನ್ನ ಉಸಿರೆಂದರೆ ಹೆದರಿಕೆಯಿತ್ತು. ಹಿಂದೆ ಸರಿದಿರಲಿಲ್ಲ, ಕಾಲರ್ ಬಿಟ್ಟಿರಲಿಲ್ಲ.

ನಾನು ನೋಡಿದ್ದು ಅವಳಿಗೆ ತಿಳಿಯಿತು. ಆಮೇಲೆ ಅವಳು ತುಟಿ ಸಡಿಲಿಸಿ, ಅಷ್ಟು ಹತ್ತಿರದಲ್ಲೇ, ದೀರ್ಘವಾಗಿ ಒಮ್ಮೆ ಉಸಿರೆಳೆದುಕೊಂಡಳು.

"ಇನ್ನೊಂದ್ಸಲ," ಎಂದಳು.